ಅಪ್ಪನೇ ಕೋಚ್ ಆದರೆ ಮಗು ನೋವನ್ನು ಯಾರ ಹತ್ತಿರ ಹೇಳಬೇಕು?

ನಮ್ಮ ಕ್ಲಿನಿಕ್‌ಗೆ ಬರುವ, ಪವರ್‌ಲಿಫ್ಟಿಂಗ್ ಅನ್ನುವ ಭಾರ ಎತ್ತುವ ಸ್ಪರ್ಧೆಯ ಮಕ್ಕಳಲ್ಲಿ ಯಾರಿಗೆ ಅಪ್ಪನೇ ಕೋಚ್ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತದೆ. ಪ್ರಶ್ನೆ ಮಗುವಿಗೆ, ಉತ್ತರ ಅಪ್ಪನಿಂದ. "ಎಲ್ಲಿ ನೋವು ಮಗಾ?" ಅಂತ ಕೇಳಿದರೆ, "ಡೆಡ್‌ಲಿಫ್ಟ್ ಆದ್ಮೇಲೆ ಸ್ವಲ್ಪ ಸೊಂಟ ಹಿಡ್ಕೊಳ್ತದೆ ಮೇಡಂ, ಮತ್ತೆ ಸರಿ ಆಗ್ತದೆ" ಅಂತ ಅಪ್ಪ ಹೇಳುತ್ತಾರೆ. ಮಗು ಅಪ್ಪನ ಮುಖ ನೋಡಿ ತಲೆ ಆಡಿಸುತ್ತದೆ. ಆಮೇಲೆ ಅಪ್ಪನನ್ನು ಹೊರಗೆ ಕೂರಿಸಿ, ಅಮ್ಮನನ್ನೋ ನಮ್ಮ ಸಿಬ್ಬಂದಿಯನ್ನೋ ಜೊತೆಗಿಟ್ಟುಕೊಂಡು ಅದೇ ಪ್ರಶ್ನೆ ಕೇಳುತ್ತೇನೆ. ಆಗ ಬರುವ ಉತ್ತರ ಬೇರೆಯೇ. ನೋವು ಶುರುವಾಗಿ ಎರಡು ತಿಂಗಳಾಗಿರುತ್ತದೆ. ಯಾಕೆ ಹೇಳಲಿಲ್ಲ ಅಂದರೆ, "ಕಾಂಪಿಟಿಷನ್‌ಗೆ ಪಪ್ಪ ಟ್ರೈನ್ ಟಿಕೆಟ್ ಮಾಡಿಸಿ ಆಗಿತ್ತು."

ಮಂಗಳೂರಿನಲ್ಲಿ ಕ್ರೀಡಾ ಫಿಸಿಯೋಥೆರಪಿ ಮಾಡುವ ನನಗೆ ಇಂಥ ಮನೆಗಳು ಹೊಸದಲ್ಲ. ಅಪ್ಪ ಅಥವಾ ಅಮ್ಮ ಮಗುವಿಗೆ ಕಲಿಸಬಾರದು ಅಂತ ನಾನು ಹೇಳುವವಳಲ್ಲ. ಒಳ್ಳೆಯ ಅಪ್ಪ ಕೋಚ್ ಮಗುವಿನ ಊಟ, ನಿದ್ದೆ, ಪರೀಕ್ಷೆ ಎಲ್ಲ ನೋಡಿಕೊಂಡು ಭಾರ ಹಾಕುತ್ತಾರೆ. ಡಬ್ಬಿ ಪ್ರೋಟೀನ್ ಮಾರಿ ಕಮಿಷನ್ ತೆಗೆದುಕೊಳ್ಳುವುದಿಲ್ಲ. ಕೊರತೆ ಇರುವುದು ಒಂದೇ ಕಡೆ. ಬೇರೆ ಮಕ್ಕಳು ಕೋಚ್ ಬೈದರೆ ಮನೆಗೆ ಬಂದು ಅಪ್ಪನ ಹತ್ತಿರ ಹೇಳಿಕೊಳ್ಳುತ್ತಾರೆ. ಈ ಮಗು ಯಾರ ಹತ್ತಿರ ಹೋಗಬೇಕು?

ಮೊದಲು ಅಜ್ಜಿಯರ ಹೆದರಿಕೆ ಮುಗಿಸಿಬಿಡೋಣ. ಭಾರ ಎತ್ತಿದರೆ ಮಕ್ಕಳು ಕುಳ್ಳಗಾಗುತ್ತಾರೆ ಅನ್ನುವುದಕ್ಕೆ ಆಧಾರ ಇಲ್ಲ. ಅಮೆರಿಕದ ಮಕ್ಕಳ ವೈದ್ಯರ ಸಂಘವೂ 2020ರಲ್ಲಿ ಹೇಳಿದ್ದು ಇದನ್ನೇ: ತಿಳಿದವರು ಪಕ್ಕದಲ್ಲಿದ್ದು ಸರಿಯಾಗಿ ಮಾಡಿಸಿದರೆ ಮಕ್ಕಳಿಗೆ ಭಾರದ ವ್ಯಾಯಾಮ ಸುರಕ್ಷಿತ. ಹೇಳಿದ ಮಾತು ಕೇಳಿ ಹಾಗೇ ಮಾಡುವ ವಯಸ್ಸು ಬಂದರೆ, ಅಂದರೆ ಏಳೆಂಟು ವರ್ಷಕ್ಕೆ, ಶುರು ಮಾಡಬಹುದು. ಆದರೆ ಆ ವಯಸ್ಸಿನಲ್ಲಿ ಶಕ್ತಿ ಹೆಚ್ಚುವುದು ಸ್ನಾಯು ದಪ್ಪವಾಗಿ ಅಲ್ಲ, ನರಗಳು ಸ್ನಾಯುವನ್ನು ಬಳಸಲು ಕಲಿತು. ಹಾಗಾಗಿ ಆಗ ಬೇಕಾದ್ದು ಕಬ್ಬಿಣ ಅಲ್ಲ, ಒಂದು ಕೋಲು. ಸ್ಪರ್ಧೆಯ ಬಾರ್ ಒಂದೇ 20 ಕೆಜಿ. ಭಾರದ ಪ್ಲೇಟ್ ಜಾರದಂತೆ ಹಿಡಿಯುವ ಕಾಲರ್ ಎರಡು ಕಡೆ ಹಾಕಿದರೆ 25 ಆಯಿತು. ಮೂರನೇ ಕ್ಲಾಸಿನ ಮಗುವಿನ ತೂಕ ಎಷ್ಟಿರುತ್ತದೆ ಅಂತ ನೀವೇ ನೋಡಿ.

ಇನ್ನೊಂದು ವಿಷಯ, ಅಪ್ಪಂದಿರು ಬೇಸರ ಮಾಡಿಕೊಳ್ಳಬಾರದು. ಒಲಿಂಪಿಕ್ಸ್‌ನಲ್ಲಿ ಪವರ್‌ಲಿಫ್ಟಿಂಗ್ ಇಲ್ಲ. ಕುಂದಾಪುರ ಕಡೆಯ ಗುರುರಾಜ ಪೂಜಾರಿ 2018ರ ಕಾಮನ್‌ವೆಲ್ತ್ ಗೇಮ್ಸ್‌ನಲ್ಲಿ ಬೆಳ್ಳಿ, 2022ರಲ್ಲಿ ಕಂಚು ಗೆದ್ದದ್ದು ವೇಟ್‌ಲಿಫ್ಟಿಂಗ್‌ನಲ್ಲಿ. ಅದರಲ್ಲಿ ಬಾರ್ ತಲೆಯ ಮೇಲೆ ಹೋಗಬೇಕು. ನಮ್ಮದು ಸ್ಕ್ವಾಟ್ (ಹೆಗಲ ಮೇಲೆ ಬಾರ್ ಇಟ್ಟು ಕೂತು ಏಳುವುದು), ಬೆಂಚ್ ಪ್ರೆಸ್ (ಮಲಗಿ ಎದೆಯಿಂದ ಮೇಲೆ ತಳ್ಳುವುದು), ಡೆಡ್‌ಲಿಫ್ಟ್ (ನೆಲದಿಂದ ಎತ್ತಿ ನೇರ ನಿಲ್ಲುವುದು). ಎರಡೂ ಬೇರೆ ಆಟ. ಗುರುರಾಜ್ ಮೊದಲು ಕುಸ್ತಿಯಲ್ಲಿದ್ದವರು, ಭಾರ ಎತ್ತಲು ಶುರು ಮಾಡಿದ್ದು ಉಜಿರೆಯಲ್ಲಿ ಕಾಲೇಜಿಗೆ ಬಂದ ಮೇಲೆ. ಹತ್ತು ವರ್ಷಕ್ಕೇ ಶುರು ಮಾಡದಿದ್ದರೆ ಮಗುವಿನ ದೋಣಿ ತಪ್ಪಿಹೋಯಿತು ಅಂತ ಗಡಿಬಿಡಿ ಮಾಡುವವರಿಗೆ ಇದನ್ನು ಹೇಳುತ್ತೇನೆ.

ನಿಜವಾದ ತೊಂದರೆ ಶುರುವಾಗುವುದು ಸ್ಪರ್ಧೆಯ ವಯಸ್ಸಿನಲ್ಲೇ. ಅಂತರರಾಷ್ಟ್ರೀಯ ಪವರ್‌ಲಿಫ್ಟಿಂಗ್ ಫೆಡರೇಷನ್ ನಿಯಮದ ಪ್ರಕಾರ ಸಬ್ ಜೂನಿಯರ್ ವಿಭಾಗಕ್ಕೆ 14ರ ವಯಸ್ಸಿನಿಂದ ಪ್ರವೇಶ. ಹುಡುಗರು ತುಂಬಾ ವೇಗವಾಗಿ ಎತ್ತರವಾಗುವುದೂ ಹೆಚ್ಚುಕಡಿಮೆ 14ಕ್ಕೇ. ಹುಡುಗಿಯರಿಗೆ ಅದು ಸುಮಾರು 12ಕ್ಕೆ ಬಂದುಹೋಗುತ್ತದೆ. ಆ ಒಂದು ವರ್ಷದಲ್ಲಿ ಹುಡುಗ ಎಂಟೊಂಬತ್ತು ಸೆಂಟಿಮೀಟರ್ ಎದ್ದುಬಿಡುತ್ತಾನೆ, ಮಳೆಗಾಲದ ಕಳಲೆಯ ಹಾಗೆ. ಮೂಳೆ ಮೊದಲು ಉದ್ದವಾಗುತ್ತದೆ, ಸ್ನಾಯು ಹಿಂದಿನಿಂದ ಬರುತ್ತದೆ. ತೊಡೆಯ ಮೂಳೆ ಉದ್ದ ಆಯಿತು ಅಂದರೆ ಸ್ಕ್ವಾಟ್‌ನ ಲೆಕ್ಕವೇ ಬದಲಾಯಿತು. ಹೋದ ವರ್ಷ ಚೆಂದ ಕೂತು ಏಳುತ್ತಿದ್ದವನು ಈ ವರ್ಷ ಮುಂದಕ್ಕೆ ಬಾಗುತ್ತಾನೆ, ಮಂಡಿ ಒಳಗೆ ಬರುತ್ತದೆ.

ಹೊರಗಿನ ಕೋಚ್ ಇದನ್ನು ನೋಡಿ "ಇವನು ಬೆಳೀತಿದ್ದಾನೆ" ಅನ್ನಬಹುದು. ದಿನಾ ನೋಡುವ ಅಪ್ಪನಿಗೆ ಮಗ ಬೆಳೆದದ್ದು ಕಾಣುವುದಿಲ್ಲ, ಉದಾಸೀನ ಮಾತ್ರ ಕಾಣುತ್ತದೆ. "ಮೊಬೈಲ್ ಜಾಸ್ತಿ ಆಗಿದೆ ಮೇಡಂ, ಮನಸ್ಸಿಲ್ಲ ಇವನಿಗೆ." ಬೈಗುಳ ಹೆಚ್ಚಾಗುತ್ತದೆ, ಪ್ಲೇಟೂ ಹೆಚ್ಚಾಗುತ್ತದೆ. ನನ್ನ ಸಲಹೆ ಸರಳ. ತಿಂಗಳಿಗೊಮ್ಮೆ ಗೋಡೆಗೆ ನಿಲ್ಲಿಸಿ ಪೆನ್ಸಿಲ್‌ನಲ್ಲಿ ಗೆರೆ ಎಳೆಯಿರಿ. ಗೆರೆಗಳು ದೂರ ದೂರ ಹೋಗುತ್ತಿವೆ ಅಂದರೆ ಅಷ್ಟು ಕಾಲ ಭಾರ ಏರಿಸುವುದು ಬೇಡ. ಇದ್ದದ್ದರಲ್ಲೇ, ಇಲ್ಲ ಅದಕ್ಕಿಂತ ಕಡಿಮೆಯಲ್ಲಿ, ಮತ್ತೆ ಕೂರಲು ಕಲಿಸಿ. ಆರು ತಿಂಗಳು ಟೋಟಲ್, ಅಂದರೆ ಮೂರೂ ಲಿಫ್ಟ್ ಸೇರಿದ ಭಾರ, ಏರದಿದ್ದರೆ ಏನೂ ಆಗುವುದಿಲ್ಲ.

ಈ ಕಾಲದ ಎರಡು ನೋವುಗಳನ್ನು ಪ್ರತಿ ಅಪ್ಪನೂ ತಿಳಿದಿರಬೇಕು. ಮಂಡಿಚಿಪ್ಪಿನ ಕೆಳಗೆ ಮೂಳೆ ಉಬ್ಬಿ, ಮುಟ್ಟಿದರೆ ನೋಯುವುದು ಒಂದು. ತೊಡೆಯ ಸ್ನಾಯುವಿನ ನಾರು ಬೆಳೆಯುವ ಮೂಳೆಯನ್ನು ಎಳೆಯುವುದರಿಂದ ಅದು ಬರುತ್ತದೆ. ಭಾರ ಕಡಿಮೆ ಮಾಡಿ ಕಾದರೆ ಸಾಮಾನ್ಯವಾಗಿ ಹೋಗುತ್ತದೆ. ಇನ್ನೊಂದು ಸೊಂಟದ್ದು, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಬೆನ್ನುಮೂಳೆಯ ಕೆಳಭಾಗದಲ್ಲಿ, ಹಿಂಬದಿಯ ತೆಳು ಸೇತುವೆಯಂಥ ಜಾಗದಲ್ಲಿ, ಮತ್ತೆ ಮತ್ತೆ ಒತ್ತಡ ಬಿದ್ದು ಸಣ್ಣ ಬಿರುಕು ಬರುತ್ತದೆ. ದೊಡ್ಡವರಿಗಿಂತ ಹದಿಹರೆಯದ ಆಟಗಾರರಲ್ಲಿ ಇದು ಜಾಸ್ತಿ. ಹಿಂದಕ್ಕೆ ಬಾಗಿದಾಗ, ಒಂದೇ ಕಾಲಲ್ಲಿ ನಿಂತು ಬಾಗಿದಾಗ ಇನ್ನೂ ಜಾಸ್ತಿ, ಬೆನ್ನಿನ ಕೆಳಭಾಗದಲ್ಲಿ ನೋವು ಬಂದರೆ ಅನುಮಾನ ಪಡಬೇಕು. ಡೆಡ್‌ಲಿಫ್ಟ್ ಒಂದನ್ನೇ ದೂರಬೇಡಿ. ಬೆಂಚ್ ಮೇಲೆ ಬೆನ್ನನ್ನು ಬಿಲ್ಲಿನಂತೆ ಎತ್ತಿ ಮಲಗುವ ರೂಢಿ ಇದೆಯಲ್ಲ, ಅದೂ ಇದೇ ಜಾಗವನ್ನು ಒತ್ತುತ್ತದೆ. ವಿಡಿಯೋ ನೋಡಿ ದೊಡ್ಡವರ ಆರ್ಚ್ ಅನ್ನು ಮಕ್ಕಳಿಗೆ ಕಲಿಸುವುದನ್ನು ನಾನು ಒಪ್ಪುವುದಿಲ್ಲ.

ಈ ಬಿರುಕು ಶುರುವಿನಲ್ಲಿ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ. "ಎಕ್ಸ್‌ರೇ ತೆಗೆಸಿದ್ದೇವೆ, ಏನಿಲ್ಲ" ಅಂತ ಮುಂದಿನ ವಾರವೇ ಬಾರ್ ಹಿಡಿಸುತ್ತಾರೆ. ಎರಡು ಮೂರು ವಾರಕ್ಕೂ ಹೋಗದ ಸೊಂಟನೋವಿಗೆ ಮೂಳೆ ವೈದ್ಯರ ಹತ್ತಿರ ಹೋಗಿ, ಅವರು ಹೇಳಿದರೆ ಎಂಆರ್‌ಐ ಮಾಡಿಸಿ. ಬೇಗ ಸಿಕ್ಕಿದರೆ ಸುಮಾರು ಮೂರು ತಿಂಗಳ ವಿಶ್ರಾಂತಿ, ಆಮೇಲೆ ಹಂತಹಂತವಾಗಿ ವಾಪಸ್. ತಡವಾದರೆ ಬಿರುಕು ಕೂಡದೆ ಹಾಗೇ ಉಳಿಯಬಹುದು. ಮಗು ಎರಡು ತಿಂಗಳು ಬಾಯಿ ಮುಚ್ಚಿಕೊಂಡಿದ್ದರೆ ಕಳೆದುಹೋಗುವುದು ಈ "ಬೇಗ".

ತೂಕದ ವಿಭಾಗದಲ್ಲೂ ಕಥೆ ಇದೇ. ಸಬ್ ಜೂನಿಯರ್ ಹುಡುಗರಿಗೆ 53 ಕೆಜಿ, ಹುಡುಗಿಯರಿಗೆ 43 ಕೆಜಿಯ ವಿಭಾಗಗಳನ್ನು ನೋಡಿದ ಅಪ್ಪ "ಅಲ್ಲಿ ಪೈಪೋಟಿ ಕಡಿಮೆ" ಅಂತ ಲೆಕ್ಕ ಹಾಕುತ್ತಾರೆ. ಬೆಳೆಯುವ ಹುಡುಗ ವರ್ಷಕ್ಕೆ ನಾಲ್ಕೈದು ಕೆಜಿ ಏರಬೇಕು, ಏರದಿದ್ದರೆ ನನಗೆ ಚಿಂತೆ. ರಾತ್ರಿ ಕುಚ್ಚಲಕ್ಕಿ ಗಂಜಿಯನ್ನೂ ಬಿಡಿಸಿ, ನಮ್ಮ ಮೇ ತಿಂಗಳ ಸೆಕೆಯಲ್ಲಿ ಜಾಕೆಟ್ ಹಾಕಿಸಿ ಓಡಿಸುವವರಿದ್ದಾರೆ. ತೂಕ ನೋಡುವುದು ಸ್ಪರ್ಧೆ ಶುರುವಾಗುವ ಎರಡು ಗಂಟೆ ಮೊದಲು. ಕಳೆದುಕೊಂಡ ನೀರು ಅಷ್ಟರಲ್ಲಿ ವಾಪಸ್ ಬರುತ್ತಾ? ಹುಡುಗಿಯರದ್ದು ಇನ್ನೂ ಸೂಕ್ಷ್ಮ. ಊಟ ಕಡಿಮೆಯಾಗಿ, ಅಭ್ಯಾಸ ಹೆಚ್ಚಾಗಿ ಮುಟ್ಟು ನಿಂತರೆ ಅದು ಮೂಳೆಗೆ ಬರುವ ತೊಂದರೆಯ ಮುನ್ಸೂಚನೆ. ಕೋಚ್ ಅಪ್ಪನೇ ಆದರೆ ಹೆಚ್ಚಿನ ಹುಡುಗಿಯರು ಇದನ್ನು ಹೇಳುವುದೇ ಇಲ್ಲ. ಇದನ್ನು ಅಮ್ಮನೋ ಅಕ್ಕನೋ ಕೇಳಬೇಕು, ಕೇಳಿದ್ದು ತರಬೇತಿಯ ಪ್ಲಾನ್‌ಗೆ ಬರಬೇಕು.

ಮಳೆಗಾಲ ಅಂದರೆ ನಮ್ಮಲ್ಲಿ ಮಕ್ಕಳಿಗೆ ಕೆಮ್ಮು. ಇಲ್ಲಿ ಮಾರುವ ಕೆಲವು ಕೆಮ್ಮಿನ ಸಿರಪ್‌ಗಳಲ್ಲಿ ಟರ್ಬ್ಯುಟಲಿನ್ ಇರುತ್ತದೆ, ಅದು ನಿಷೇಧಿತ ಪಟ್ಟಿಯಲ್ಲಿದೆ. ಡೋಪಿಂಗ್ ಪರೀಕ್ಷೆ ಮಕ್ಕಳಿಗೂ ಆಗಬಹುದು, ಅಮ್ಮ ಕೊಟ್ಟ ಔಷಧಿ ಅಂದರೂ ಹೆಸರು ಬರುವುದು ಮಗುವಿನದ್ದೇ. ದೇಶದ ಡೋಪಿಂಗ್ ತಡೆ ಸಂಸ್ಥೆ ನಾಡಾದ 'ನೋ ಯುವರ್ ಮೆಡಿಸಿನ್' ಆ್ಯಪ್‌ನಲ್ಲಿ ಔಷಧಿಯ ಹೆಸರು ಹಾಕಿ ನೋಡಿ, ಮೆಡಿಕಲ್‌ನವರ ಮಾತು ಸಾಲದು.

ಇನ್ನು ಸ್ಪರ್ಧೆಯ ದಿನ. ಪ್ರತಿ ಲಿಫ್ಟ್‌ಗೆ ಮೂರು ಅವಕಾಶ, ಒಟ್ಟು ಒಂಬತ್ತು. ಯಾವುದಾದರೂ ಒಂದರಲ್ಲಿ ಮೂರೂ ತಪ್ಪಿದರೆ ಟೋಟಲ್ ಇಲ್ಲ, ಮಗು ಸ್ಪರ್ಧೆಯಿಂದ ಹೊರಗೆ. ಒಮ್ಮೆ ಹೇಳಿದ ಭಾರವನ್ನು ಮುಂದಿನ ಸಲ ಇಳಿಸಲು ಬರುವುದಿಲ್ಲ. ಲಿಫ್ಟ್ ಮುಗಿದ ಒಂದು ನಿಮಿಷದೊಳಗೆ ಮುಂದಿನ ಭಾರ ಬರೆದು ಕೊಡಬೇಕು. ಆ ಒಂದು ನಿಮಿಷ ಅಪ್ಪನ ಆಸೆಗೆ ತುಂಬಾ ಅಪಾಯಕಾರಿ. ಪಕ್ಕದ ಹುಡುಗ 5 ಕೆಜಿ ಏರಿಸಿದ್ದು ಕಾಣುತ್ತದೆ, ಕೈ ತಾನೇ 10 ಬರೆಯುತ್ತದೆ. ಹಿಂದಿನ ಸಂಜೆಯೇ ಮಗುವಿನ ಜೊತೆ ಕೂತು ಒಂಬತ್ತು ಅಂಕಿ ಬರೆದಿಡಿ. ಮೊದಲ ಭಾರ, ನಿದ್ದೆ ಸರಿಯಾಗದ ದಿನವೂ ಮೂರು ಸಲ ಎತ್ತುವಂಥದ್ದು ಇರಲಿ. ಅಲ್ಲಿ ಹೋದ ಮೇಲೆ ಚೀಟಿಯಲ್ಲಿ ಬರೆದಿಟ್ಟದ್ದಕ್ಕಿಂತ ಕಡಿಮೆ ಭಾರ ಕೇಳಬಹುದು, ಹೆಚ್ಚು ಕೇಳುವಂತಿಲ್ಲ ಅಂತ ಒಪ್ಪಂದ ಮಾಡಿಕೊಳ್ಳಿ.

ಮತ್ತೆ ದಯವಿಟ್ಟು ಕೂಗಬೇಡಿ. ಬೆಂಚ್‌ನಲ್ಲಿ ಬಾರ್ ಎದೆಗೆ ಮುಟ್ಟಿ ನಿಂತ ಮೇಲೆ ರೆಫ್ರಿ "ಪ್ರೆಸ್" ಅನ್ನಬೇಕು, ಆಮೇಲೆ ತಳ್ಳಬೇಕು. ಅಷ್ಟರಲ್ಲಿ ಹಿಂದಿನಿಂದ "ತಳ್ಳು ಮಗಾ!" ಅಂತ ಕೇಳಿದರೆ ಮಗು ತಳ್ಳಿಬಿಡುತ್ತದೆ. ಹುಟ್ಟಿದಾಗಿನಿಂದ ಕೇಳಿದ ದನಿ ಅಲ್ವಾ? ಕೆಂಪು ದೀಪ ಬೀಳುತ್ತದೆ. ಆಮೇಲೆ ಬೈಗುಳವೂ ಮಗುವಿಗೇ.

ಹಾಗಾದರೆ ಏನು ಮಾಡಬೇಕು ಅಂತ ಕೇಳುವ ಅಪ್ಪಂದಿರಿಗೆ ನಾನು ಹೇಳುವುದು, ಇನ್ನೊಬ್ಬರನ್ನು ಸೇರಿಸಿಕೊಳ್ಳಿ. ವಾರದಲ್ಲಿ ಒಂದು ದಿನವಾದರೂ ಮಗು ನಿಮ್ಮ ಕಣ್ಣಿಲ್ಲದ ಕಡೆ, ಬೇರೆ ಅಣ್ಣನ ಅಥವಾ ಅಕ್ಕನ ಕೈಕೆಳಗೆ ಎತ್ತಲಿ. ನೋವಿದ್ದರೆ ಅವರ ಹತ್ತಿರ ಹೇಳಲಿ. ಅವರು "ಈ ವಾರ ಬೇಡ" ಅಂದರೆ ಅದೇ ಕೊನೆಯ ಮಾತು, ಟಿಕೆಟ್ ಆಗಿದ್ದರೂ ಸರಿ. ಹುಡುಗಿಯಾದರೆ ಸಾಧ್ಯವಾದಷ್ಟು ಮಹಿಳಾ ಲಿಫ್ಟರ್ ಒಬ್ಬರನ್ನು ಹುಡುಕಿ. ಸ್ಪರ್ಧೆಯ ದಿನ ಅಂಕಿಯ ಚೀಟಿ ಅವರ ಕೈಯಲ್ಲಿರಲಿ, ನೀವು ನೀರಿನ ಬಾಟಲಿ ಹಿಡಿದುಕೊಳ್ಳಿ. ಮಂಗಳೂರು, ಉಡುಪಿಯ ವ್ಯಾಯಾಮಶಾಲೆಗಳಿಗೆ ಸಂಜೆ ಹೊತ್ತು ಹೋಗಿ ವಿಚಾರಿಸಿದರೆ ಸ್ಪರ್ಧೆ ಮಾಡಿ ಅನುಭವ ಇರುವ ಹಿರಿಯರು ಸಿಗುತ್ತಾರೆ. ಹೆಚ್ಚಿನವರು ದುಡ್ಡು ಕೇಳುವುದಿಲ್ಲ. ಕೇಳಿದರೆ ಚೌಕಾಸಿ ಮಾಡದೆ ಕೊಡಿ, ಎಂಆರ್‌ಐಗಿಂತ ಕಡಿಮೆಯೇ ಆಗುತ್ತದೆ.