ಅರ್ಧಕ್ಕೆ ನಿಂತ ಹಳೆಯ ಕಥೆಗೆ ಮರಳಬಹುದೇ?

ಓದುಗರ ಪ್ರಶ್ನೆ: ಮುಂಬಯಿಗೆ ಬಂದ ಹೊಸತರಲ್ಲಿ ಕಥೆಗಳನ್ನು ಬರೆಯುತ್ತಿದ್ದೆ. ಈಗ ಬರೆಯಲು ಕುಳಿತರೆ ಒಂದು ಸಾಲೂ ಮುಂದೆ ಸಾಗುವುದಿಲ್ಲ. ಅಂದು ಅರ್ಧಕ್ಕೆ ಬಿಟ್ಟ ಕಥೆಗಳು ಮನೆಯಲ್ಲಿವೆ. ಅವನ್ನೇ ಮತ್ತೆ ಕೈಗೆತ್ತಿಕೊಳ್ಳಬಹುದೇ?

ಉತ್ತರ: ಖಂಡಿತ ಕೈಗೆತ್ತಿಕೊಳ್ಳಿ, ಆದರೆ ನಿಂತ ಸಾಲಿನಿಂದ ಮುಂದುವರಿಸಲು ಹೋಗಬೇಡಿ. ಬರವಣಿಗೆ ಕಟ್ಟಿಕೊಂಡಾಗ ಯಾರ ಕಥೆ, ಎಲ್ಲಿಯದು, ಯಾವ ಧಾಟಿಯಲ್ಲಿ ಹೇಳಬೇಕು ಎಂಬುದನ್ನೆಲ್ಲ ಒಟ್ಟಿಗೇ ನಿರ್ಧರಿಸಬೇಕಾದ ಭಾರವೇ ಬಹಳ ಮಟ್ಟಿಗೆ ಕೈಯನ್ನು ತಡೆಯುತ್ತದೆ. ಹಳೆಯ ಹಾಳೆಗಳಲ್ಲಿ ಜನರೂ ಜಾಗವೂ ಆಗಲೇ ಇರುವುದರಿಂದ ಆ ಭಾರ ಕಡಿಮೆಯಾಗುತ್ತದೆ. ಆದರೆ ಅಂದು ಕಥೆಯನ್ನು ನಿಲ್ಲಿಸಿದ ತೊಡಕೂ ಆ ಹಾಳೆಗಳಲ್ಲೇ ಉಳಿದಿರುತ್ತದೆ.

ಐರಿಷ್ ಕಾದಂಬರಿಕಾರ ಜೇಮ್ಸ್ ಜಾಯ್ಸ್ 1904ರಲ್ಲಿ ಆರಂಭಿಸಿದ ‘ಸ್ಟೀಫನ್ ಹೀರೋ’ ಎಂಬ ದೊಡ್ಡ ಕಾದಂಬರಿಯನ್ನು ಪೂರ್ಣಗೊಳಿಸಲಿಲ್ಲ. 1907ರಲ್ಲಿ ಅದೇ ವಸ್ತುವನ್ನು ಐದು ಅಧ್ಯಾಯಗಳ ಬಿಗಿಯಾದ ರೂಪಕ್ಕೆ ಇಳಿಸಿ ಮೊದಲಿನಿಂದ ಬರೆಯತೊಡಗಿದರು. ಅದು 1916ರಲ್ಲಿ ‘ಎ ಪೋರ್ಟ್ರೇಟ್ ಆಫ್ ದಿ ಆರ್ಟಿಸ್ಟ್ ಆ್ಯಸ್ ಎ ಯಂಗ್ ಮ್ಯಾನ್’ ಎಂಬ ಪುಸ್ತಕವಾಯಿತು. ಸಾಮಗ್ರಿಯನ್ನು ಉಳಿಸಿಕೊಂಡು ಕಟ್ಟಡವನ್ನು ಕೈಬಿಡುವ ಈ ಧೈರ್ಯವನ್ನೇ ನಾನು ನಿಮಗೂ ಸೂಚಿಸುತ್ತೇನೆ.

ನಿಮ್ಮ ಹಾಳೆಗಳಲ್ಲಿ, ಹಗಲೆಲ್ಲ ಉಡುಪಿ ಹೋಟೆಲಿನಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗೆ ಹೋಗುವ ಹುಡುಗನ ಕಥೆಯೊಂದು ಇದೆ ಎಂದಿಟ್ಟುಕೊಳ್ಳೋಣ. ಮುಂಬಯಿಯ ರಾತ್ರಿಶಾಲೆಗಳಲ್ಲಿ ಹಾಗೆ ಓದಿ ಮುಂದೆ ಬಂದ ಕನ್ನಡಿಗರು ಅನೇಕರಿದ್ದಾರೆ. ಪೆನ್ನು ಹಿಡಿಯದೆ ಅದನ್ನು ಒಮ್ಮೆ ಪೂರ್ತಿಯಾಗಿ ಓದಿ, ಮುಚ್ಚಿಡಿ. ಮರುದಿನ ನೆನಪಿನಲ್ಲಿ ಉಳಿದದ್ದನ್ನು ಮಾತ್ರ ಬರೆದುಕೊಳ್ಳಿ. ಹುಡುಗ ಕೊನೆಗೆ ಹೋಟೆಲಿನ ಮಾಲೀಕನಾಗಬೇಕೆಂದು ನೀವು ಮೊದಲೇ ನಿಶ್ಚಯಿಸಿದ್ದರಿಂದ ಕಥೆ ನಿಂತಿರಬಹುದು. ಆದರೆ ಅಂಗಿಗೆ ಅಂಟಿದ ಸಾಂಬಾರಿನ ವಾಸನೆಗೆ ನಾಚಿ ಅವನು ಕೊನೆಯ ಬೆಂಚಿನಲ್ಲಿ ಕೂರುವ ಸನ್ನಿವೇಶ ಈಗಲೂ ನಿಮ್ಮನ್ನು ಕಾಡುತ್ತಿರಬಹುದು. ಆ ಸನ್ನಿವೇಶವೊಂದನ್ನೇ ಎತ್ತಿಕೊಂಡು, ತೂಕಡಿಸುವ ಹುಡುಗನನ್ನು ಎಬ್ಬಿಸಬೇಕೋ ಬೇಡವೋ ಎಂದು ತಿಳಿಯದೆ ನಿಂತ ಮಾಸ್ತರರ ಕಣ್ಣಿನಿಂದ ಬರೆದು ನೋಡಿ. ಬರೆಯುವಾಗ ಹಳೆಯ ಪ್ರತಿ ಎದುರಿಗಿರಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಹಳೆಯ ವಾಕ್ಯಗಳ ಲಯ ನಮಗೆ ಅರಿವಿಲ್ಲದೆಯೇ ನಮ್ಮನ್ನು ಹಳೆಯ ದಾರಿಗೆ ಎಳೆಯುತ್ತದೆ.

ಕಾಲದ ವಿವರಗಳನ್ನು ಮಾತ್ರ ಇಂದಿಗೆ ಹೊಂದಿಸಬೇಡಿ. ಮುಂಬಯಿಯ ನಗರ ಸಾರಿಗೆ ಸಂಸ್ಥೆಯಾದ ಬೆಸ್ಟ್‌ನ ಹಳೆಯ ಡೀಸೆಲ್ ಡಬಲ್ ಡೆಕರ್ ಬಸ್ಸುಗಳ ಓಡಾಟ 2023ರ ಸೆಪ್ಟೆಂಬರಿನಲ್ಲಿ ನಿಂತಿತು. ಅವುಗಳ ಮೇಲಂತಸ್ತಿನಲ್ಲಿ ಕುಳಿತು ಕಂಡ ನಗರವನ್ನು ನೀವು ಅಂದೇ ಬರೆದಿಟ್ಟಿದ್ದರೆ, ಅದು ಇಂದು ಕಲ್ಪಿಸಿ ಬರೆಯುವುದಕ್ಕಿಂತ ಬೆಲೆಯುಳ್ಳದ್ದು.

ಕಥೆಗಳು ಕಂಪ್ಯೂಟರಿನಲ್ಲಿದ್ದು, ‘ನುಡಿ’ ಅಥವಾ ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ ಹಳೆಯ ಫಾಂಟುಗಳಲ್ಲಿ ಟೈಪಾಗಿದ್ದರೆ, ಆ ಫಾಂಟ್ ಇಲ್ಲದ ಕಡೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಷ್ಟೇ ಕಾಣುತ್ತವೆ. ಕಡತ ಹಾಳಾಯಿತೆಂದು ಅಳಿಸಬೇಡಿ. ಪರಿವರ್ತಕ ತಂತ್ರಾಂಶದ ಮೂಲಕ, ಎಲ್ಲ ಕಡೆಯೂ ಓದಬಹುದಾದ ಯುನಿಕೋಡ್ ರೂಪಕ್ಕೆ ತಂದು, ಒತ್ತಕ್ಷರಗಳನ್ನೂ ಅರ್ಕಾವತ್ತನ್ನೂ ಕಣ್ಣಿಟ್ಟು ಪರಿಶೀಲಿಸಿ. ಯಾವುದಾದರೂ ಭಾಗ ಈ ಹಿಂದೆ ಅಚ್ಚಾಗಿದ್ದರೆ, ಹೊಸ ಕಥೆಯನ್ನು ಕಳುಹಿಸುವಾಗ ಸಂಪಾದಕರಿಗೆ ಅದನ್ನು ತಿಳಿಸಿ.