ಮೂಲಿಕೆ ಬಲ್ಲವರ ಹತ್ತಿರ ಏನು ಕೇಳಬೇಕು?

ಗಿಡಮೂಲಿಕೆ ಬಲ್ಲವರ ಜೊತೆ ಹೊರಟವರು ಸಾಮಾನ್ಯವಾಗಿ ಮೊದಲು ಕೇಳುವುದು, ‘ಇದು ಯಾವುದಕ್ಕೆ ಒಳ್ಳೇದು?’ ಅಂತ. ಈ ಪ್ರಶ್ನೆಗೆ ಉತ್ತರ ಎಲ್ಲಿ ಬೇಕಾದರೂ ಸಿಗುತ್ತದೆ. ಈ ಎಲೆ ಕೆಮ್ಮಿಗೆ, ಆ ಬೇರು ಜ್ವರಕ್ಕೆ ಎಂಬ ಪಟ್ಟಿಗಳು ಫೋನಿನಲ್ಲಿ ದಿನಾ ಹರಿದಾಡುತ್ತವೆ. ಪಟ್ಟಿಯಲ್ಲಿ ಸಿಗದ ಸಂಗತಿಗಳು ಬೇರೆ ಇವೆ. ಈ ಗಿಡವನ್ನು ಹೋಲುವ ಇನ್ನೊಂದು ಯಾವುದು? ಯಾವ ಭಾಗ ಬೇಕು? ಯಾವಾಗ ಕೀಳಬೇಕು? ಕುದಿಸಬೇಕೋ, ಬರೀ ನೆನೆಸಬೇಕೋ? ಎಷ್ಟಾದರೆ ಜಾಸ್ತಿ? ಅನುಭವಸ್ಥರ ನಿಜವಾದ ವಿದ್ಯೆ ಇರುವುದು ಇಲ್ಲಿ. ವಿಜ್ಞಾನಿಗಳು ಮೂಲಿಕೆಗಳನ್ನು ಕೆದಕಿ ನೋಡಿದಾಗ ಎಷ್ಟೋ ಸಲ ಔಷಧದ ಗುಟ್ಟು ಸಿಕ್ಕಿದ್ದೂ ಇಂಥ ಸಣ್ಣ ವಿವರಗಳಲ್ಲೇ.

ಕಾಡು ಕ್ಯಾರೆಟ್ಟನ್ನೇ ನೋಡಿ. ನಾವು ತಿನ್ನುವ ಕ್ಯಾರೆಟ್ಟಿನ ಮೂಲ ಗಿಡ ಇದು. ಎಳೆಯದಿದ್ದಾಗ ಇದರ ಬೇರನ್ನು ತಿನ್ನಬಹುದು. ಸಣ್ಣಗೆ ಸೀಳಿದ ಎಲೆ, ಕೊಡೆ ಬಿಚ್ಚಿದಂಥ ಬಿಳಿ ಹೂಗೊಂಚಲು. ಇದೇ ಕುಟುಂಬಕ್ಕೆ ಸೇರಿದ ಹೆಮ್ಲಾಕ್ ಗಿಡಕ್ಕೂ ಅಂಥದೇ ಎಲೆ, ಅಂಥದೇ ಹೂವು. ಕ್ರಿ.ಪೂ. 399ರಲ್ಲಿ ಸಾಕ್ರೆಟಿಸ್‌ಗೆ ಕುಡಿಸಿದ್ದು ಈ ಹೆಮ್ಲಾಕಿನ ವಿಷವನ್ನು. ಇದರಲ್ಲಿರುವ ಕೊನೈನ್ ಎಂಬ ರಾಸಾಯನಿಕ ನರದಿಂದ ಸ್ನಾಯುವಿಗೆ ಹೋಗುವ ಸಂದೇಶವನ್ನು ತಡೆಯುತ್ತದೆ. ಕೈಕಾಲು ಸೋಲುತ್ತವೆ, ಕೊನೆಗೆ ಉಸಿರಾಟದ ಸ್ನಾಯುಗಳೂ ನಿಲ್ಲುತ್ತವೆ.

ಹೊಸಬರು ಹೂವು ನೋಡುತ್ತಾರೆ. ಪಳಗಿದವರ ಕಣ್ಣು ಹೋಗುವುದು ಕಾಂಡದ ಕಡೆ. ಕಾಡು ಕ್ಯಾರೆಟ್ಟಿನ ಕಾಂಡದ ತುಂಬ ಒರಟು ರೋಮ. ಹೆಮ್ಲಾಕಿನ ಕಾಂಡದ ಮೇಲೆ ಒಂದು ರೋಮವೂ ಇಲ್ಲ, ನುಣ್ಣಗಿರುತ್ತದೆ, ಮೇಲೆ ನೇರಳೆ ಬಣ್ಣದ ಮಚ್ಚೆಗಳು. ಕ್ಯಾರೆಟ್ಟಿನ ಹೂಕೊಡೆಯ ಕೆಳಗೆ ಕವಲೊಡೆದ ಉದ್ದುದ್ದ ಹಸಿರು ಎಳೆಗಳಿರುತ್ತವೆ. ಕೊಡೆಯ ನಟ್ಟನಡುವೆ ಎಷ್ಟೋ ಸಲ ಒಂದೇ ಒಂದು ಕಡುಗೆಂಪು ಹೂವು ಕಾಣುತ್ತದೆ. ಎಲೆ ಜಜ್ಜಿದರೆ ಒಂದಕ್ಕೆ ಕ್ಯಾರೆಟ್ ವಾಸನೆ, ಇನ್ನೊಂದಕ್ಕೆ ಇಲಿಯ ಗಬ್ಬುವಾಸನೆ. ಎಲ್ಲ ಗುರುತುಗಳೂ ಒಂದೇ ಕಡೆ ಕೈ ತೋರಿಸಬೇಕು. ಒಂದು ಗುರುತು ತಾಳೆಯಾಗದಿದ್ದರೂ ಗಿಡವನ್ನು ಅಲ್ಲೇ ಬಿಟ್ಟು ಮುಂದೆ ಹೋಗಬೇಕು. ಇಲ್ಲಿ ‘ಹೆಚ್ಚೂಕಮ್ಮಿ ಅದೇ’ ಅನ್ನುವ ಮಾತಿಗೆ ಬೆಲೆಯಿಲ್ಲ.

ಫೋಟೋ ತೆಗೆದರೆ ಗಿಡದ ಹೆಸರು ಹೇಳುವ ಆ್ಯಪ್‌ಗಳು ಈಗ ಬೇಕಾದಷ್ಟಿವೆ. ಹೂವಿನ ಹೆಸರು ತಿಳಿಯುವ ಕುತೂಹಲಕ್ಕೆ ಅವು ಚೆನ್ನ. ಬಾಯಿಗೆ ಹಾಕಿಕೊಳ್ಳುವ ಗಿಡಕ್ಕೆ ಮಾತ್ರ ಅವನ್ನು ನಂಬಬಾರದು ಅಂತಲೇ ನನ್ನ ಅಭಿಪ್ರಾಯ. ಕ್ಯಾಮೆರಾಕ್ಕೆ ವಾಸನೆ ಗೊತ್ತಾಗಲ್ಲ, ಅಲ್ವಾ? ಎಲೆಯ ಮೇಲಿನ ಸಣ್ಣ ಗ್ರಂಥಿಗಳಲ್ಲಿ ಗಿಡ ತನ್ನ ತೈಲಗಳನ್ನು ಬಚ್ಚಿಟ್ಟುಕೊಂಡಿರುತ್ತದೆ. ಉಜ್ಜಿದಾಗ ಗ್ರಂಥಿ ಒಡೆದು ಅವು ಹೊರಗೆ ಬರುತ್ತವೆ. ಎಲೆ ಉಜ್ಜಿ ಮೂಗಿಗೆ ಹಿಡಿಯುವ ಮೂಲಿಕೆಯವರು ಒಂದು ಬಗೆಯಲ್ಲಿ ರಸಾಯನ ಪರೀಕ್ಷೆಯನ್ನೇ ಮಾಡುತ್ತಿರುತ್ತಾರೆ.

ನಾಲಗೆಯೂ ಇಂಥದೇ ಉಪಕರಣ. ಆದರೆ ಅದರ ಸರದಿ ಬರುವುದು ಕೊನೆಗೆ, ಗುರುತು ಪಕ್ಕಾ ಆದ ಮೇಲೆ. ಬೆಂಜಮಿನ್ ಹೇಯ್ನ್ ಎಂಬ ಸಸ್ಯವಿಜ್ಞಾನಿ ಭಾರತದಲ್ಲಿದ್ದಾಗ ಕಾಡುಬಸಳೆಯ ಎಲೆಯನ್ನು ಬೇರೆ ಬೇರೆ ಹೊತ್ತಿನಲ್ಲಿ ರುಚಿ ನೋಡಿದರು. ಎಲೆಯ ಅಂಚಿನಲ್ಲೇ ಮರಿಗಿಡ ಹುಟ್ಟುವ ಗಿಡ ಅದು. ಬೆಳಗ್ಗೆ ಹುಳಿ, ಮಧ್ಯಾಹ್ನ ಸಪ್ಪೆ, ಸಂಜೆ ಸ್ವಲ್ಪ ಕಹಿ! 1813ರಲ್ಲಿ ಇದನ್ನು ಒಂದು ಪತ್ರದಲ್ಲಿ ಬರೆದರು. ಕಾರಣ ಗೊತ್ತಾಗಿದ್ದು ಎಷ್ಟೋ ಕಾಲದ ಮೇಲೆ. ನೀರು ಉಳಿಸಲು ಈ ಗಿಡ ಹಗಲು ಹೊತ್ತು ಎಲೆಯ ರಂಧ್ರಗಳನ್ನು ಮುಚ್ಚಿಕೊಳ್ಳುತ್ತದೆ. ರಾತ್ರಿ ತೆರೆದು ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಅದನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತದೆ. ಬಿಸಿಲು ಬಂದಂತೆ ಆಮ್ಲ ಖರ್ಚಾಗುತ್ತದೆ, ಹುಳಿಯೂ ಇಳಿಯುತ್ತದೆ. ಒಂದೇ ಗಿಡ, ಒಂದೇ ಎಲೆ, ಆದರೂ ಬೆಳಗಿನ ಎಲೆ ಬೇರೆ, ಸಂಜೆಯ ಎಲೆ ಬೇರೆ. ‘ಇಂಥ ಹೊತ್ತಿನಲ್ಲೇ ಕೀಳು’ ಎಂಬ ಮಾತನ್ನು ಮೂಢನಂಬಿಕೆ ಅಂತ ತಳ್ಳಿಹಾಕುವ ಮುಂಚೆ ಇದು ನೆನಪಿರಲಿ. ಹಾಗಂತ ಕಂಡ ಕಾಡುಬಸಳೆಯನ್ನೆಲ್ಲ ಅಗಿಯಲು ಹೋಗಬೇಡಿ. ಹೃದಯದ ಮೇಲೆ ಕೆಲಸ ಮಾಡುವ ವಸ್ತುಗಳೂ ಅದರಲ್ಲಿವೆ, ಮೇಯ್ದ ದನಗಳು ಸತ್ತದ್ದಿದೆ.

ತಯಾರಿಸುವ ಬಗೆ ಎಷ್ಟು ಮುಖ್ಯ ಎಂಬುದಕ್ಕೆ ಚೀನಾದ ವಿಜ್ಞಾನಿ ಟು ಯೂಯೂ ಅವರ ಕೆಲಸಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ. 1969ರಲ್ಲಿ ಚೀನಾ ಸರ್ಕಾರ ಅವರಿಗೆ ಮಲೇರಿಯಾಕ್ಕೆ ಮದ್ದು ಹುಡುಕುವ ಕೆಲಸ ವಹಿಸಿತು. ಅವರ ತಂಡ ಹಳೆಯ ವೈದ್ಯರ 2000ಕ್ಕೂ ಹೆಚ್ಚು ಮದ್ದುಗಳನ್ನು ಕಲೆಹಾಕಿತು. ಛಿಂಗ್‌ಹಾವ್ ಎಂಬ ಗಿಡದ ಸಾರ ಒಮ್ಮೆ ಕೆಲಸ ಮಾಡಿತು, ಇನ್ನೊಮ್ಮೆ ಮಾಡಲಿಲ್ಲ. ಆಗ ಅವರು 4ನೇ ಶತಮಾನದ ವೈದ್ಯ ಗೆ ಹಾಂಗ್ ಬರೆದಿಟ್ಟ ಒಂದು ಸಾಲನ್ನು ಮತ್ತೆ ಓದಿದರು. ಒಂದು ಹಿಡಿ ಗಿಡವನ್ನು ನೀರಿನಲ್ಲಿ ನೆನೆಸಿ, ಹಿಂಡಿ, ರಸ ಕುಡಿಯಬೇಕು ಅಂತ ಅದರಲ್ಲಿತ್ತು. ಕುದಿಸುವ ಮಾತೇ ಇಲ್ಲ! ಹಾಗಾದರೆ ಬಿಸಿಗೆ ಮದ್ದಿನ ಗುಣ ಹಾಳಾಗುತ್ತಿರಬಹುದೇ? ಸುಮಾರು 35 ಡಿಗ್ರಿಗೇ ಕುದಿಯುವ ಈಥರ್ ಎಂಬ ದ್ರಾವಕ ಬಳಸಿ ಸಾರ ತೆಗೆದರು. 1971ರಲ್ಲಿ ಆ ಸಾರ ಇಲಿ ಮತ್ತು ಕೋತಿಗಳಲ್ಲಿ ಮಲೇರಿಯಾ ಪರಾವಲಂಬಿಯನ್ನು ಪೂರ್ತಿ ಅಳಿಸಿಹಾಕಿತು. ಅದರಲ್ಲಿದ್ದದ್ದೇ ಆರ್ಟೆಮಿಸಿನಿನ್. ಈ ಅಣುವಿನಲ್ಲಿ ಎರಡು ಆಮ್ಲಜನಕ ಪರಮಾಣುಗಳ ಒಂದು ಸೇತುವೆ ಇದೆ. ಮಲೇರಿಯಾ ಪರಾವಲಂಬಿಯನ್ನು ಕೊಲ್ಲುವುದು ಆ ಸೇತುವೆಯೇ. 2015ರಲ್ಲಿ ಟು ಯೂಯೂ ಅವರಿಗೆ ನೊಬೆಲ್ ಬಂತು.

ಇನ್ನು ತಿನ್ನುವ ಗಿಡಗಳ ವಿಷಯಕ್ಕೆ ಬರೋಣ. ಇಲ್ಲಿ ಅರ್ಧಂಬರ್ಧ ತಿಳಿದವರ ಸೂತ್ರಗಳೇ ಜಾಸ್ತಿ ಅಪಾಯ. ‘ಪ್ರಾಣಿ ತಿಂದರೆ ನಾವೂ ತಿನ್ನಬಹುದು’ ಅನ್ನುತ್ತಾರೆ. ಕೆಲವು ಮೊಲಗಳ ದೇಹದಲ್ಲಿ ಅಟ್ರೋಪಿನ್ ವಿಷವನ್ನು ಒಡೆಯುವ ಕಿಣ್ವ ಇದೆ. ಹಾಗಾಗಿ ಆ ವಿಷವಿರುವ ಬೆಲ್ಲಡೊನ್ನಾ ಗಿಡದ ಎಲೆ ಮೇಯ್ದರೂ ಅವಕ್ಕೆ ಏನೂ ಆಗಲ್ಲ. ನಮಗೆ ಆ ಕಿಣ್ವ ಇಲ್ಲ. ಯೂ ಮರದ ಕೆಂಪು ಹಣ್ಣನ್ನು ಹಕ್ಕಿಗಳು ನುಂಗುತ್ತವೆ, ಆದರೆ ಒಳಗಿನ ವಿಷದ ಬೀಜವನ್ನು ಜಗಿಯದೆ ಹಾಗೇ ಹೊರಹಾಕುತ್ತವೆ.

‘ಕುದಿಸಿದರೆ ಎಲ್ಲ ವಿಷವೂ ಹೋಗುತ್ತೆ’ ಎಂಬುದು ಇನ್ನೊಂದು ಸೂತ್ರ. ಇದನ್ನು ಕಹಿ ಮರಗೆಣಸಿನ ಮುಂದೆ ಇಟ್ಟು ನೋಡಿ. ಅದರ ಜೀವಕೋಶದೊಳಗೆ ಸಯನೈಡು ಸಕ್ಕರೆಗೆ ಅಂಟಿಕೊಂಡು ಸುಮ್ಮನೆ ಕೂತಿರುತ್ತದೆ. ಅದನ್ನು ಬಿಡಿಸುವ ಕಿಣ್ವ ಬೇರೆ ಕೋಣೆಯಲ್ಲಿರುತ್ತದೆ. ಹುಳು ಕಚ್ಚಿದಾಗಲೋ ಗೆಡ್ಡೆಯನ್ನು ತುರಿದಾಗಲೋ ಕೋಶ ಒಡೆದು ಎರಡೂ ಸೇರುತ್ತವೆ. ಕೊನೆಗೆ ಹುಟ್ಟುವುದು ಹೈಡ್ರೋಜನ್ ಸಯನೈಡ್. ಇದು ಸುಮಾರು 26 ಡಿಗ್ರಿಗೇ ಕುದಿಯುವ ವಸ್ತು, ಬಿಟ್ಟರೆ ಗಾಳಿಗೆ ಹಾರಿಹೋಗುತ್ತದೆ. ಅಮೆಜಾನ್ ಕಾಡಿನ ಜನ ಗೆಡ್ಡೆಯನ್ನು ತುರಿದು, ಹಿಂಡಿ, ಕೆಲ ಹೊತ್ತು ಹಾಗೇ ಬಿಟ್ಟು, ಆಮೇಲೆ ಹುರಿಯುತ್ತಾರೆ. ಇಡೀ ಗೆಡ್ಡೆಯನ್ನು ನೇರವಾಗಿ ಕುದಿಯುವ ನೀರಿಗೆ ಹಾಕಿದರೆ ಆಗುವುದೇ ಬೇರೆ. ಬಿಸಿಗೆ ಕಿಣ್ವ ಮೊದಲೇ ಸಾಯುತ್ತದೆ, ಅಂಟಿಕೊಂಡ ವಿಷ ಬಹಳಷ್ಟು ಹಾಗೇ ಒಳಗೆ ಉಳಿಯುತ್ತದೆ. ಅಂದರೆ ಒಲೆಗಿಂತ ಮುಂಚಿನ ಆ ಕಾಯುವಿಕೆಯೇ ಮುಖ್ಯ ಕೆಲಸ. ರಸಾಯನಶಾಸ್ತ್ರದ ಗಂಧಗಾಳಿ ಇಲ್ಲದ ಕಾಲದಲ್ಲಿ ಇದನ್ನು ಹೇಗೆ ಕಂಡುಕೊಂಡರೋ! ಪೋರ್ಚುಗೀಸರು 16ನೇ ಶತಮಾನದಲ್ಲಿ ಮರಗೆಣಸನ್ನು ಆಫ್ರಿಕಾಕ್ಕೆ ಒಯ್ದರು. ಅಲ್ಲೂ ನೆನೆಹಾಕಿ ವಿಷ ತೆಗೆಯುವ ವಿಧಾನಗಳು ಬೆಳೆದವು. ಆದರೆ ಬರ ಬಂದಾಗ, ಯುದ್ಧ ನಡೆದಾಗ ಜನ ಹಸಿವಿನಿಂದ ನೆನೆಸುವ ದಿನಗಳನ್ನು ಕಡಿಮೆ ಮಾಡಿದರು. ಆಗೆಲ್ಲ ಕೊಂಜೊ ಎಂಬ ರೋಗ ಕಾಣಿಸಿಕೊಂಡು ಮಕ್ಕಳ, ಹೆಂಗಸರ ಕಾಲುಗಳ ಶಕ್ತಿ ಶಾಶ್ವತವಾಗಿ ಹೋಯಿತು.

ಅಳತೆಯ ವಿಷಯದಲ್ಲಿ ನಾನು ಮೆಚ್ಚುವುದು ಇಂಗ್ಲೆಂಡಿನ ವೈದ್ಯ ವಿಲಿಯಂ ವಿದರಿಂಗ್ ಅವರನ್ನು. ಮೈಯಲ್ಲಿ ನೀರು ತುಂಬಿ ಊದಿಕೊಳ್ಳುವ ರೋಗಕ್ಕೆ ಶ್ರಾಪ್‌ಶೈರಿನ ಮುದುಕಿಯೊಬ್ಬಳು ಗುಟ್ಟಾಗಿ ಮದ್ದು ಕೊಡುತ್ತಿದ್ದಳು. ದೊಡ್ಡ ವೈದ್ಯರು ಕೈಬಿಟ್ಟ ರೋಗಿಗಳೂ ಅದರಿಂದ ಸುಧಾರಿಸಿಕೊಳ್ಳುತ್ತಿದ್ದರು. 1775ರಲ್ಲಿ ಆ ಮದ್ದು ವಿದರಿಂಗ್ ಕೈಗೆ ಬಂತು. ಅದರಲ್ಲಿ 20ಕ್ಕೂ ಹೆಚ್ಚು ಸೊಪ್ಪುಗಳಿದ್ದವು. ಗಿಡಗಳನ್ನು ಚೆನ್ನಾಗಿ ಬಲ್ಲ ಅವರು, ಕೆಲಸ ಮಾಡುತ್ತಿರುವುದು ಫಾಕ್ಸ್‌ಗ್ಲೋವ್ ಒಂದೇ ಅಂತ ಪತ್ತೆ ಹಚ್ಚಿದರು. (ಈ ಮುದುಕಿಗೆ ‘ಮದರ್ ಹಟನ್’ ಎಂಬ ಹೆಸರು ಈಗಲೂ ಓಡಾಡುತ್ತಿದೆ. ಅದು 20ನೇ ಶತಮಾನದ ಔಷಧ ಜಾಹೀರಾತಿನ ಸೃಷ್ಟಿ. ವಿದರಿಂಗ್ ಅವಳ ಹೆಸರು ಬರೆದಿಡಲೇ ಇಲ್ಲ. ಇದೂ ಒಂದು ಅನ್ಯಾಯವೇ.)

ಅಸಲಿ ಕೆಲಸ ಶುರುವಾಗಿದ್ದು ಆಮೇಲೆ. ಫಾಕ್ಸ್‌ಗ್ಲೋವ್ ಭಯಂಕರ ಗಿಡ. ಹೃದಯದ ಜೀವಕೋಶಗಳಲ್ಲಿ ಸೋಡಿಯಂ ಹೊರಗೆ ತಳ್ಳುವ ಪಂಪನ್ನು ಅದು ತಡೆಯುತ್ತದೆ. ಹದವಾಗಿದ್ದರೆ ಸೋತ ಹೃದಯ ಗಟ್ಟಿಯಾಗಿ ಬಡಿಯುತ್ತದೆ, ಸ್ವಲ್ಪ ಹೆಚ್ಚಾದರೆ ಲಯ ತಪ್ಪಿ ನಿಲ್ಲುತ್ತದೆ. ಎಲೆಯ ಬಲ ಕಾಲಕ್ಕೆ ತಕ್ಕಂತೆ ಬದಲಾಗುವುದನ್ನು ವಿದರಿಂಗ್ ಗಮನಿಸಿದರು. ಹೂ ಬಿಡುವ ಹೊತ್ತಿಗೆ ಮಾತ್ರ ಎಲೆ ಕಿತ್ತು, ತೊಟ್ಟು ಮತ್ತು ನಡುನರ ತೆಗೆದು, ಒಣಗಿಸಿ ಪುಡಿ ಮಾಡಿದರು. ಸಣ್ಣ ಪ್ರಮಾಣದಿಂದ ಶುರು ಮಾಡಿ, ವಾಂತಿಯೋ ನಾಡಿ ನಿಧಾನವಾಗುವುದೋ ಕಂಡ ಕೂಡಲೇ ನಿಲ್ಲಿಸಿದರು. ಹತ್ತು ವರ್ಷದ ಅನುಭವವನ್ನು 1785ರಲ್ಲಿ ಪ್ರಕಟಿಸಿದಾಗ, ಗುಣವಾಗದ ರೋಗಿಗಳ ಕಥೆಯನ್ನೂ ಮುಚ್ಚಿಡಲಿಲ್ಲ. ಇದೇ ಕುಲದ ಇನ್ನೊಂದು ಪ್ರಭೇದದಿಂದ ಬಂದ ಡಿಗಾಕ್ಸಿನ್ ಎಂಬ ಔಷಧ ಇವತ್ತೂ ಬಳಕೆಯಲ್ಲಿದೆ, ರಕ್ತದಲ್ಲಿ ಅದರ ಮಟ್ಟ ಅಳೆದು ನೋಡುತ್ತಾರೆ.

ಹಾಗಾದರೆ ಅನುಭವಸ್ಥರು ಹೇಳಿದ್ದೆಲ್ಲ ಸರಿಯೇ? ಇಲ್ಲ. ಅನುಭವದ ಕಣ್ಣಿಗೆ ಬೇಗ ಆಗುವ ಪರಿಣಾಮ ಕಾಣುತ್ತದೆ. ಇವತ್ತು ತಿಂದು ಇವತ್ತೇ ವಾಂತಿಯಾದರೆ ಯಾರಿಗಾದರೂ ಗೊತ್ತಾಗುತ್ತದೆ. ಇವತ್ತು ಕುಡಿದ ಕಷಾಯದಿಂದ ಎಷ್ಟೋ ವರ್ಷದ ಮೇಲೆ ಕಿಡ್ನಿ ಕೆಟ್ಟರೆ? ಈಶ್ವರಿ ಬಳ್ಳಿಯ ಜಾತಿಯ ಗಿಡಗಳನ್ನು ಹಲವು ದೇಶಗಳ ಮೂಲಿಕೆ ವೈದ್ಯರು ಶತಮಾನಗಳಿಂದ ಕೊಡುತ್ತಾ ಬಂದಿದ್ದರು. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆ ತಿಂದ ಹೆಂಗಸರ ಕಿಡ್ನಿಗಳು ಒಬ್ಬರ ಹಿಂದೆ ಒಬ್ಬರಂತೆ ಕೆಟ್ಟವು. ಮಾತ್ರೆಗೆ ಹಾಕಬೇಕಿದ್ದ ಚೀನೀ ಬೇರಿನ ಹೆಸರು ಫಾಂಗ್ ಜಿ. ಬಂದಿದ್ದು ಗ್ವಾಂಗ್ ಫಾಂಗ್ ಜಿ, ಅಂದರೆ ಈಶ್ವರಿ ಬಳ್ಳಿಯ ಜಾತಿಯ ಬೇರು. ಅದರಲ್ಲಿರುವ ಅರಿಸ್ಟೊಲೋಕಿಕ್ ಆಮ್ಲ ಡಿಎನ್‌ಎಗೆ ಅಂಟಿಕೊಂಡು ಗುರುತು ಹಿಡಿಯಬಹುದಾದ ಬದಲಾವಣೆ ಮಾಡುತ್ತದೆ, ಮುಂದೆ ಮೂತ್ರನಾಳದ ಕ್ಯಾನ್ಸರ್ ತರುತ್ತದೆ. ತಲೆಮಾರುಗಳ ಅನುಭವಕ್ಕೆ ಇದು ದಕ್ಕಿರಲಿಲ್ಲ. ಮದ್ದು ಕೊಟ್ಟ ದಿನಕ್ಕೂ ರೋಗ ಬಂದ ದಿನಕ್ಕೂ ನಂಟು ಹಾಕಲು ದಾಖಲೆ ಬೇಕು, ಸೂಕ್ಷ್ಮದರ್ಶಕ ಬೇಕು. ‘ನಮ್ಮ ಅಜ್ಜನ ಕಾಲದಿಂದ ತಿಂದಿದ್ದೀವಿ, ಏನೂ ಆಗಿಲ್ಲ’ ಎಂಬ ಮಾತು ಗುರುತು, ಕಾಲ, ತಯಾರಿಯ ಬಗ್ಗೆ ಆದರೆ ಕಿವಿಗೊಟ್ಟು ಕೇಳುತ್ತೇನೆ. ದಿನಾ ತಿನ್ನುವ ಮದ್ದಿನ ಬಗ್ಗೆ ಆದರೆ ನಂಬುವುದಿಲ್ಲ.

ಕಲಿಯುವವರಿಗೆ ನನ್ನ ಸಲಹೆ, ನೂರು ಗಿಡಗಳ ಹಿಂದೆ ಬೀಳಬೇಡಿ. ನಾಲ್ಕೈದು ಗಿಡ ಹಿಡಿದು, ಮೊಳಕೆಯಿಂದ ಬೀಜದವರೆಗೆ ವರ್ಷಪೂರ್ತಿ ನೋಡಿ. ಹೂ ಇಲ್ಲದ ಕಾಲದಲ್ಲೂ ಗುರುತು ಸಿಗಬೇಕು. ವಿಷದ ಗಿಡಗಳನ್ನು ಮೊದಲು ಕಲಿಯಿರಿ, ಅವುಗಳ ಸಂಖ್ಯೆ ಕಡಿಮೆ. ಹೇಳಿಕೊಡುವವರು ಗಿಡ ತೋರಿಸಿದಾಗ ‘ಇದನ್ನು ಹೋಲುವ ಇನ್ನೊಂದು ಗಿಡ ಇದು ಅಲ್ಲ ಅಂತ ಹೇಗೆ ಗೊತ್ತಾಗುತ್ತೆ?’ ಅಂತ ಕೇಳಿ. ಇದಕ್ಕೆ ತಡವರಿಸುವವರ ಕೈಯಿಂದ ಏನನ್ನೂ ತಿನ್ನಬೇಡಿ.

ಎಷ್ಟು ಕೀಳಬೇಕು ಎಂಬುದೂ ಈ ವಿದ್ಯೆಯ ಭಾಗವೇ. ಚೀನಾದ ಹೆಂಗ್‌ದುವಾನ್ ಪರ್ವತಗಳಲ್ಲಿ ಫ್ರಿಟಿಲೇರಿಯಾ ಡೆಲವಾಯಿ ಎಂಬ ಪುಟ್ಟ ಗಿಡ ಬೆಳೆಯುತ್ತದೆ. ಕೆಮ್ಮಿನ ಮದ್ದಿಗಾಗಿ 2000 ವರ್ಷಗಳಿಂದ ಅದರ ಗೆಡ್ಡೆ ಅಗೆಯುತ್ತಿದ್ದಾರೆ. ಜನ ಹೋಗದ ಕಡೆ ಗಿಡ ಹಚ್ಚಹಸಿರಾಗಿದೆ. ಜಾಸ್ತಿ ಅಗೆದ ಕಡೆ ಕಲ್ಲಿನ ಬಣ್ಣಕ್ಕೆ, ಬೂದು ಕಂದಾಗಿ ತಿರುಗಿದೆ. ಹಸಿರು ಗಿಡಗಳು ಬೇಗ ಕಣ್ಣಿಗೆ ಬಿದ್ದು ಕೀಳಿಸಿಕೊಂಡವು, ಕಾಣದವು ಉಳಿದು ಬೀಜ ಹಾಕಿದವು. 2020ರಲ್ಲಿ ಚೀನಾದ ಕುನ್‌ಮಿಂಗ್ ಮತ್ತು ಇಂಗ್ಲೆಂಡಿನ ಎಕ್ಸೆಟರಿನ ವಿಜ್ಞಾನಿಗಳು ಇದನ್ನು ಪ್ರಕಟಿಸಿದರು. ಕಂಪ್ಯೂಟರ್ ಪರದೆಯಲ್ಲಿ ಹುಡುಕಲು ಹೇಳಿದಾಗಲೂ ಬಂಡೆಗೆ ಹೊಂದಿಕೊಂಡ ಗಿಡಗಳನ್ನು ಪತ್ತೆ ಮಾಡಲು ಜನರಿಗೆ ಹೆಚ್ಚು ಹೊತ್ತು ಹಿಡಿಯಿತು. ಯಾವ ಜಾಗದಲ್ಲಿ ಎಷ್ಟು ಗೆಡ್ಡೆ ಅಗೆದಿದ್ದಾರೆ ಎಂಬ ಲೆಕ್ಕ ಈ ವಿಜ್ಞಾನಿಗಳಿಗೆ ಸಿಕ್ಕಿದ್ದು ಅಲ್ಲಿನ ಮೂಲಿಕೆಯವರಿಂದಲೇ.