ಸರ್ವರ್ ನಿಲ್ಲಿಸದೆ ಡಿಸ್ಕ್ ಹಿಗ್ಗಿಸುವ ಬಗೆ

ಅಡಿಕೆ ಹಂಗಾಮಿನ ನಡುವೆ ಶಿರಸಿಯ ವಹಿವಾಟು ಕಚೇರಿಯೊಂದರ ಸರ್ವರ್‌ನಲ್ಲಿ ಡಿಸ್ಕ್ ತುಂಬುತ್ತ ಬಂತು ಎಂದುಕೊಳ್ಳೋಣ. ಚಾಲಿ, ರಾಶಿಗಳ ಧಾರಣೆ, ತೂಕದ ಚೀಟಿ, ಬೆಳೆಗಾರರ ಖಾತೆಗೆ ಜಮೆ, ಎಲ್ಲವೂ ಅದರ ಮೇಲೆಯೇ ನಡೆಯುವುದರಿಂದ ಅದನ್ನು ಅರ್ಧ ದಿನ ಆರಿಸಿಡುವಂತಿಲ್ಲ. ಆರಿಸಬೇಕಾದ ಅಗತ್ಯವೂ ಇಲ್ಲ, ಮೊದಲೇ ಅದಕ್ಕೆ ತಕ್ಕಂತೆ ಕಟ್ಟಿದ್ದರೆ.

ನಮ್ಮ ಕಡೆಯ ತೋಟಿಗರ ಜಮೀನು ಸಾಮಾನ್ಯವಾಗಿ ಒಂದೇ ಕಡೆ ಇರುವುದಿಲ್ಲ. ತೋಟ ಒಂದು ಸರ್ವೆ ನಂಬರಿನಲ್ಲಿದ್ದರೆ ಗದ್ದೆ ಹಳ್ಳದಾಚೆ ಇನ್ನೊಂದರಲ್ಲಿರುತ್ತದೆ, ಖಾತೆ ಮಾತ್ರ ಒಂದೇ. ಲಿನಕ್ಸ್ ಕಾರ್ಯಾಚರಣ ವ್ಯವಸ್ಥೆಯ ಲಾಜಿಕಲ್ ವಾಲ್ಯೂಮ್ ಮ್ಯಾನೇಜರ್, ಅಂದರೆ ಎಲ್‌ವಿಎಂ, ಡಿಸ್ಕ್‌ಗಳಿಗೆ ಇಂಥದೇ ಖಾತೆಯನ್ನು ಇಡುತ್ತದೆ. ಹೈನ್ಸ್ ಮಾವೆಲ್ಸ್‌ಹಾಗೆನ್ 1998ರಲ್ಲಿ ಎಚ್‌ಪಿ ಕಂಪನಿಯ ಕಾರ್ಯಾಚರಣ ವ್ಯವಸ್ಥೆಯಾದ ಎಚ್‌ಪಿ-ಯುಎಕ್ಸ್‌ನಲ್ಲಿದ್ದ ಇಂಥದೇ ಸಾಧನದ ಮಾದರಿಯಲ್ಲಿ ಇದನ್ನು ಬರೆದರು. ಅದು ಪ್ರತಿ ಡಿಸ್ಕನ್ನೂ ಸಾಮಾನ್ಯವಾಗಿ 4 ಮೆಬಿಬೈಟ್‌ನ ತುಂಡುಗಳಾಗಿ ಅಳೆದು, ಯಾವ ತುಂಡು ಎಲ್ಲಿದೆ ಎಂಬ ಪಟ್ಟಿ ಇಟ್ಟುಕೊಳ್ಳುತ್ತದೆ; ಒಂದು ಟೆಬಿಬೈಟ್‌ನಲ್ಲಿ ಅಂಥ 2,62,144 ತುಂಡುಗಳು. ಡೇಟಾಬೇಸ್‌ಗೆ ಕಾಣುವುದು ಖಾತೆ ಮಾತ್ರ, ಸರ್ವೆ ನಂಬರಲ್ಲ. ಚಾಲನೆಯಲ್ಲಿರುವಾಗಲೇ ಡಿಸ್ಕ್ ಸಿಕ್ಕಿಸಲು ಯಂತ್ರವು ಅನುವು ಮಾಡಿಕೊಟ್ಟರೆ, ಹೊಸ ತುಂಡುಗಳನ್ನು ಪಟ್ಟಿಯ ಕೊನೆಗೆ ಬರೆದುಕೊಂಡರೆ ಸಾಕು, ಹಳೆಯ ದತ್ತಾಂಶ ಕದಲುವುದಿಲ್ಲ.

ಆದರೂ ಜಾಗ ಹೆಚ್ಚಿದಂತೆ ಕಾಣದೆ ಕಕ್ಕಾಬಿಕ್ಕಿಯಾಗುವವರು ಬಹಳ. ವಾಲ್ಯೂಮ್, ಅಂದರೆ ತುಂಡುಗಳನ್ನು ಕೂಡಿಸಿ ಮಾಡಿದ ಆ ಖಾತೆ, ಹಿಗ್ಗಿದ್ದು ಅದರ ಮೇಲಿನ ಕಡತ ವ್ಯವಸ್ಥೆಗೆ (ಕಡತಗಳನ್ನು ಜೋಡಿಸಿಡುವ ಏರ್ಪಾಡಿಗೆ) ತಾನಾಗಿ ತಿಳಿಯುವುದಿಲ್ಲ; ಅದನ್ನೂ ಬೇರೆಯಾಗಿ ಬೆಳೆಸಬೇಕು. ಲಿನಕ್ಸ್‌ನಲ್ಲಿ ಬಳಸುವ ಇಎಕ್ಸ್‌ಟಿ4 ಮತ್ತು ಎಕ್ಸ್‌ಎಫ್‌ಎಸ್ ಎಂಬ ಕಡತ ವ್ಯವಸ್ಥೆಗಳು ಎರಡೂ ಬಳಕೆಯಲ್ಲಿರುವಾಗಲೇ ಬೆಳೆಯುತ್ತವೆ.

ಜಮೀನಿನ ಹೋಲಿಕೆ ಇಲ್ಲಿಗೆ ಮುಗಿಯುತ್ತದೆ, ಏಕೆಂದರೆ ಗದ್ದೆಯನ್ನು ಎತ್ತಿ ಬೇರೆಡೆ ಇಡಲಾಗದು, ತುಂಡುಗಳನ್ನು ಇಡಬಹುದು. ಹಳೆಯ ಡಿಸ್ಕ್ ತೆಗೆಯಬೇಕಾದಾಗ ಎಲ್‌ವಿಎಂ ಅದರ ತುಂಡುಗಳನ್ನು ಹೊಸದರಲ್ಲಿ ಪ್ರತಿ ಮಾಡಿ, ಆ ನಡುವಿನ ಬರಹವನ್ನು ಎರಡೂ ಕಡೆ ಹಾಕಿ, ಪ್ರತಿ ಪೂರ್ತಿಯಾದ ಮೇಲಷ್ಟೇ ಪಟ್ಟಿಯನ್ನು ತಿದ್ದುತ್ತದೆ.

ಇದು ಸುರಕ್ಷತೆಯ ಉಪಾಯವಲ್ಲ. ಎರಡು ಡಿಸ್ಕ್‌ಗಳ ಮೇಲೆ ಹರಡಿದ ವಾಲ್ಯೂಮ್, ಕೆಳಗೆ ರೇಡ್ (ಒಂದು ಡಿಸ್ಕ್ ಕೆಟ್ಟರೂ ದತ್ತಾಂಶ ಉಳಿಯುವಂಥ ಜೋಡಣೆ) ಇಲ್ಲದಿದ್ದರೆ, ಯಾವುದೊಂದು ಕೆಟ್ಟರೂ ಹಾಳಾಗುತ್ತದೆ. ಹಿಗ್ಗಿಸಿದಷ್ಟು ಸುಲಭವಾಗಿ ಕುಗ್ಗಿಸಲೂ ಬರುವುದಿಲ್ಲ: ಇಎಕ್ಸ್‌ಟಿ4ಅನ್ನು ಕುಗ್ಗಿಸಲು ಬಳಕೆ ನಿಲ್ಲಿಸಲೇಬೇಕು, ಎಕ್ಸ್‌ಎಫ್‌ಎಸ್‌ನಲ್ಲಂತೂ ಆ ದಾರಿ ಇಲ್ಲವೆಂದೇ ಎಣಿಸುವುದು ಒಳ್ಳೆಯದು. ಅದಕ್ಕೇ ಅನುಭವಸ್ಥರು ಹೊಸ ಡಿಸ್ಕನ್ನು ಒಮ್ಮೆಗೇ ಹಂಚದೆ, ಬೇಕಾದಷ್ಟನ್ನೇ ಕೊಟ್ಟು ಉಳಿದದ್ದನ್ನು ಖಾಲಿ ಇಟ್ಟುಕೊಳ್ಳುತ್ತಾರೆ.